ಮನೆ ನೋಡೋಕೆ ಭಾನುವಾರ ಹನ್ನೊಂದಕ್ಕೆ ಹೋಗಬೇಡಿ

ನೀವು ಗಮನಿಸಿದ್ದೀರಾ? ಮಾರಾಟಕ್ಕಿರುವ ಮನೆಯನ್ನು ಬ್ರೋಕರ್ ತೋರಿಸುವುದು ಹೆಚ್ಚಾಗಿ ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಯಜಮಾನರಿಗೂ ರಜೆ, ಮಕ್ಕಳಿಗೂ ರಜೆ. ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಕಿಟಕಿಗಳನ್ನೆಲ್ಲ ತೆರೆದು, ಲೈಟುಗಳನ್ನೆಲ್ಲ ಹಾಕಿ, ಒಂದು ಅಗರಬತ್ತಿಯನ್ನೂ ಹಚ್ಚಿಟ್ಟಿರುತ್ತಾರೆ. ಗೋಡೆಗೆ ಹೊಸ ಪೇಂಟು. ನಾವು ಹಾಲ್ ನೋಡಿ, ದೇವರ ಮನೆ ಯಾವ ದಿಕ್ಕಿಗಿದೆ ಅಂತ ನೋಡಿ, ಬೀರು ಎಲ್ಲಿಡಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅಡುಗೆಮನೆಯ ಗ್ರಾನೈಟ್ ಮೇಲೆ ಒಮ್ಮೆ ಕೈಯಾಡಿಸಿ ‘ಚೆನ್ನಾಗಿದೆ ಅಲ್ವಾ’ ಎಂದು ಹೊರಗೆ ಬರುತ್ತೇವೆ. ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಒಂದು ರೇಷ್ಮೆ ಸೀರೆ ಆರಿಸೋದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತಗೋತೀವಿ!

ಸೀರೆಯಾದರೆ ಸೆರಗು ಬಿಚ್ಚಿ ಬೆಳಕಿಗೆ ಹಿಡಿಯುತ್ತೇವೆ. ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕಿದೆಯಾ ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಮನೆಯ ವಿಷಯ ಬಂದಾಗ ಮಾತ್ರ ‘ಅದೆಲ್ಲ ಅವರು ನೋಡ್ಕೋತಾರೆ’ ಅಂತ ಹಿಂದೆ ಸರಿಯುತ್ತೇವೆ. ಅವರು ಏನು ನೋಡ್ಕೋತಾರೆ? ಪತ್ರ ನೋಡುತ್ತಾರೆ, ಬಡ್ಡಿ ದರ ನೋಡುತ್ತಾರೆ, ಆಫೀಸಿಗೆ ಎಷ್ಟು ದೂರ ಅಂತ ನೋಡುತ್ತಾರೆ. ಬೇಡ ಅನ್ನುವುದಿಲ್ಲ, ಅದೆಲ್ಲ ಬೇಕೇ ಬೇಕು. ಆದರೆ ಗೋಡೆಯನ್ನು ಮುಟ್ಟಿ ನೋಡುವವರು ಯಾರು?

ನಮ್ಮದೇ ಕಥೆ ಕೇಳಿ. 2011ರಲ್ಲಿ ಬೆಂಗಳೂರಿನಲ್ಲಿ ಎಂಟು ವರ್ಷ ಹಳೆಯ ಫ್ಲಾಟ್ ಒಂದನ್ನು ಕೊಂಡೆವು. ಎರಡನೇ ಮಹಡಿ, ಪೂರ್ವದ ಬಾಗಿಲು, ಹತ್ತಿರದಲ್ಲೇ ಮಗಳ ಸ್ಕೂಲು. ನೋಡಿದ್ದು ಫೆಬ್ರುವರಿಯಲ್ಲಿ. ಚಿಕ್ಕ ಕೋಣೆಯ ಬಾತ್‌ರೂಮಿಗೆ ಹೊಸದಾಗಿ ಫಾಲ್ಸ್ ಸೀಲಿಂಗ್ ಹಾಕಿಸಿದ್ದರು. ‘ಎಷ್ಟು ನೀಟಾಗಿದೆ’ ಎಂದು ಮೆಚ್ಚಿಕೊಂಡವಳು ನಾನೇ! ಜುಲೈನಲ್ಲಿ ಆ ಸೀಲಿಂಗಿನ ಮಧ್ಯೆ ಚಪಾತಿಯಷ್ಟಗಲ ಕಲೆ ಕಾಣಿಸಿತು. ಬಿಚ್ಚಿಸಿ ನೋಡಿದರೆ ಮೇಲಿನ ಮನೆಯ ಬಾತ್‌ರೂಮಿನಿಂದ ವರ್ಷಗಟ್ಟಲೆ ನೀರು ಜಿನುಗಿ, ಸ್ಲ್ಯಾಬಿನ ಕಾಂಕ್ರೀಟ್ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಕಾಣುತ್ತಿತ್ತು. ಮೇಲಿನ ಮನೆಯ ಓನರ್ ಹೊರದೇಶದಲ್ಲಿ. ಬಾಡಿಗೆಗಿದ್ದ ಹುಡುಗರು ‘ಓನರ್‌ಗೆ ಹೇಳಿ ಆಂಟಿ’ ಅಂದರು. ಅಸೋಸಿಯೇಷನ್‌ನವರು ‘ಅದು ನಿಮ್ಮಿಬ್ಬರ ಮಧ್ಯದ ವಿಷಯ’ ಅಂದರು. ಹೀಗೇ ಮೂರು ವರ್ಷ. ಮಗಳು ಎಸ್ಸೆಸ್ಸೆಲ್ಸಿ ಓದಿದ್ದು ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಕೊಂಡು. ಕೊನೆಗೆ ಮೇಲಿನವರ ಬಾತ್‌ರೂಮನ್ನು ನಮ್ಮ ದುಡ್ಡಿನಲ್ಲಿ ಒಡೆಸಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಅಮ್ಮ ಕೊಟ್ಟಿದ್ದ ಎರಡು ಬಳೆ ಹೋದವು.

ಮಾರಿದವರಿಗೆ ಗೊತ್ತಿತ್ತು. ಗೊತ್ತಿದ್ದೇ ಫಾಲ್ಸ್ ಸೀಲಿಂಗ್ ಹಾಕಿಸಿದ್ದು. ಈಗಲೂ ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ತಿಳಿದುಕೊಂಡೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಸೆಕ್ಷನ್ ಪ್ರಕಾರ, ತನಗೆ ತಿಳಿದಿರುವ, ಕೊಳ್ಳುವವರಿಗೆ ತಿಳಿಯದ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ಆದರೆ ಅದರಲ್ಲೇ ಇನ್ನೊಂದು ಮಾತೂ ಇದೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೂ ಪತ್ತೆಯಾಗದಂಥ ದೋಷಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಕಣ್ಣಿಗೆ ಕಾಣುವಂಥದ್ದನ್ನು ನೀವು ನೋಡಲಿಲ್ಲ ಅಂದರೆ ತಪ್ಪು ನಿಮ್ಮದೇ. ಅಂದರೆ ನೋಡುವುದು ನಮ್ಮ ಕೆಲಸ, ಬಾಯಿಬಿಟ್ಟು ಕೇಳುವುದೂ ನಮ್ಮ ಕೆಲಸ. ನಾವು ಎರಡನ್ನೂ ಮಾಡಿರಲಿಲ್ಲ.

ವಾಸ್ತುವಿನವರು ಸರಿ, ಇಂಜಿನಿಯರ್ ಎಲ್ಲಿ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮನೆ ಹಳೆಯದಿರಲಿ, ಹೊಸದಿರಲಿ, ಅಡ್ವಾನ್ಸ್ ಕೊಡುವ ಮುಂಚೆ ಒಬ್ಬ ಸಿವಿಲ್ ಇಂಜಿನಿಯರಿಗೆ ಫೀಸು ಕೊಟ್ಟು ತೋರಿಸಿ, ವರದಿಯನ್ನು ಬರೆಸಿಕೊಳ್ಳಬೇಕು. ‘ಅಷ್ಟೊಂದು ಖರ್ಚು ಯಾಕೆ’ ಎನ್ನುವ ಮನೆಗಳಲ್ಲೇ ವಾಸ್ತು ನೋಡುವವರನ್ನು ಕಾರು ಕಳಿಸಿ ಕರೆಸುವುದನ್ನು ಕಂಡಿದ್ದೇನೆ. ನಾನು ವಾಸ್ತು ಬೇಡ ಎನ್ನುವವಳಲ್ಲ, ನಮ್ಮ ಅತ್ತೆಯವರಿದ್ದಾಗ ಬೇಡ ಅನ್ನುವ ಧೈರ್ಯವೂ ಇರಲಿಲ್ಲ. ಸಂಪು ಈಶಾನ್ಯದಲ್ಲಿದೆ ಎಂದು ಸಂತೋಷಪಡೋಣ. ಆದರೆ ಆ ಸಂಪಿನ ಗೋಡೆ ಬಿರುಕು ಬಿಟ್ಟು ಪಕ್ಕದ ಸ್ಯಾನಿಟರಿ ಚೇಂಬರಿನ ನೀರು ಒಳಗೆ ಸೇರುತ್ತಿದೆಯಾ ಅಂತಲೂ ನೋಡಬೇಕಲ್ಲ?

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ಬ್ಯಾಂಕಿನವರೇ ಬಂದು ನೋಡಿಕೊಂಡು ಹೋದರು, ಲೋನ್ ಸ್ಯಾಂಕ್ಷನ್ ಆಯ್ತು, ಇನ್ನೇನು’ ಎನ್ನುತ್ತಾರೆ. ಬ್ಯಾಂಕಿನ ವ್ಯಾಲ್ಯುಯರ್ ಬರುವುದು ಸಾಲ ವಾಪಸ್ ಬರದಿದ್ದರೆ ಈ ಮನೆಗೆ ಎಷ್ಟು ಬೆಲೆ ಸಿಗುತ್ತದೆ ಎಂದು ನೋಡಲಿಕ್ಕೆ. ನಿಮ್ಮ ಬಾತ್‌ರೂಮ್ ಸೋರುತ್ತದಾ ಅನ್ನುವುದು ಅವರ ತಲೆನೋವಲ್ಲ.

ಇಂಜಿನಿಯರನ್ನು ನೀವೇ ಹುಡುಕಿ. ಬ್ರೋಕರ್ ಹೇಳಿದವರು ಬೇಡ, ಮಾರುವವರ ನೆಂಟರು ಬೇಡ, ‘ರಿಪೇರಿಯನ್ನೂ ನಾನೇ ಮಾಡಿಕೊಡ್ತೀನಿ’ ಎನ್ನುವವರಂತೂ ಬೇಡವೇ ಬೇಡ. ಅವರಿಗೆ ಎಲ್ಲಾ ಗೋಡೆಯೂ ಬೀಳುವಂತೆಯೇ ಕಾಣುತ್ತದೆ. ಅವರು ಮನೆ ನೋಡುವಾಗ ನೀವು ಜೊತೆಗಿರಿ. ಹಿಂದೆ ಹಿಂದೆ ಓಡಾಡಿ, ಅರ್ಥವಾಗದ್ದನ್ನು ಅಲ್ಲೇ ಕೇಳಿ. ಬರವಣಿಗೆಯಲ್ಲಿ ಭಯಂಕರವಾಗಿ ಕಾಣುವ ಎಷ್ಟೋ ಸಂಗತಿಗಳು ಎದುರಿಗೆ ಕೇಳಿದರೆ ಏನೂ ಅಲ್ಲ. ಕೆಲವು ಉಲ್ಟಾ.

ವರದಿ ಬಂದಾಗ ಎದೆ ಒಡೆದುಕೊಳ್ಳಬೇಡಿ

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಮನೆ ಕೊಳ್ಳುವಾಗ ನನ್ನ ಕಾಟ ತಡೆಯಲಾರದೆ ಇಂಜಿನಿಯರಿಗೆ ತೋರಿಸಿದಳು. ವರದಿಯಲ್ಲಿ ಮೂವತ್ತನಾಲ್ಕು ಪಾಯಿಂಟು! ಫೋಟೋ ಬೇರೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ‘ಅಕ್ಕಾ, ಈ ಮನಿ ಬ್ಯಾಡಾಗೇತಿ, ಬರೀ ಬಿರುಕೇ ಅದಾವು’ ಅಂತ ಅಳುವ ದನಿ. ಮರುದಿನ ಇಬ್ಬರೂ ಫೋನಿನಲ್ಲೇ ಒಂದೊಂದಾಗಿ ಓದಿದೆವು. ಕಿಟಕಿಯ ಕೊಂಡಿ ಸಡಿಲ, ಸ್ವಿಚ್ಚಿನ ಮುಚ್ಚಳ ಒಡೆದಿದೆ, ನಲ್ಲಿ ತೊಟ್ಟಿಕ್ಕುತ್ತದೆ, ಗ್ರಿಲ್ಲಿಗೆ ಪೇಂಟಿಲ್ಲ... ಇಂಥವೇ ಇಪ್ಪತ್ತಾರು. ಇವೆಲ್ಲ ಒಂದು ವಾರದ ಕೆಲಸ. ಮನುಷ್ಯರನ್ನು ಡಾಕ್ಟರಿಗೆ ತೋರಿಸಿದರೂ ಹಾಗೇ ತಾನೇ? ನಲವತ್ತು ದಾಟಿದವರ ರಿಪೋರ್ಟಿನಲ್ಲಿ ಏನೂ ಇಲ್ಲದೆ ಇರುತ್ತದಾ! ಏನೂ ದೋಷವಿಲ್ಲ ಅಂತ ಬರೆದುಕೊಟ್ಟ ವರದಿ ಕಂಡರೆ ನನಗೆ ಹೆಚ್ಚು ಅನುಮಾನ.

ಉಳಿದ ಎಂಟರಲ್ಲಿ ಬಹಳಷ್ಟು ಬಿರುಕುಗಳದ್ದು. ಬಿರುಕಿನ ಭಾಷೆ ಸ್ವಲ್ಪ ಕಲಿತರೆ ಅರ್ಧ ಭಯ ಹೋಗುತ್ತದೆ. ಗಾರೆಯ ಮೇಲೆ ಜೇಡರ ಬಲೆಯ ಹಾಗೆ ಕೂದಲೆಳೆಯ ಗೆರೆಗಳಿದ್ದರೆ ಅದು ಪ್ಲಾಸ್ಟರ್ ಒಣಗುವಾಗ ಕುಗ್ಗಿದ್ದು, ಹೆದರಬೇಕಾಗಿಲ್ಲ. ಇಟ್ಟಿಗೆ ಗೋಡೆ ಮತ್ತು ಕಾಂಕ್ರೀಟ್ ಕಂಬ ಸೇರುವ ಜಾಗದಲ್ಲಿ ಗೆರೆ ಎಳೆದಂತೆ ನೇರವಾದ ಬಿರುಕು ಇದ್ದರೆ, ಬಿಸಿಲಿಗೆ ಎರಡೂ ಒಂದೇ ಥರ ಹಿಗ್ಗುವುದಿಲ್ಲ, ಅದಕ್ಕೇ ಬಂದದ್ದು. ಕೆತ್ತಿ, ಜಾಲರಿ ಹಾಕಿ ಪ್ಲಾಸ್ಟರ್ ಮಾಡಿದರೆ ಸಾಕು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಅಥವಾ ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ನಿಂತು ನೋಡಬೇಕು. ತಳಪಾಯ ಒಂದು ಕಡೆ ಕುಸಿದಿದ್ದರೆ ಹೀಗಾಗುತ್ತದೆ. ಅದೇ ಬಿರುಕು ಗೋಡೆಯ ಆಚೆ ಬದಿಯಲ್ಲೂ ಇದೆಯಾ ನೋಡಿ. ಪರ್ಸಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಅದು ಬಿರುಕಿನೊಳಗೆ ಸಲೀಸಾಗಿ ಹೋಯಿತು ಅಂದರೆ ಇಂಜಿನಿಯರಿಗೆ ಬೆರಳಿಟ್ಟು ತೋರಿಸಿ. ಕಂಬ ಮತ್ತು ಬೀಮಿನಲ್ಲಿ ಮಾತ್ರ ಈ ಕಾರ್ಡಿನ ಲೆಕ್ಕ ಬೇಡ, ಅಲ್ಲಿ ಯಾವ ಬಿರುಕು ಇದ್ದರೂ ತೋರಿಸಲೇಬೇಕು. ಅದರಲ್ಲೂ ಕಂಬಿಯ ಉದ್ದಕ್ಕೆ ಸಿಮೆಂಟ್ ಎದ್ದು, ಕಂದು ಕಲೆ ಇಳಿದಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ ಅಂತಲೇ ಅರ್ಥ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಉಬ್ಬಿ ಕಾಂಕ್ರೀಟನ್ನು ಹೊರಗೆ ದೂಡುತ್ತದೆ. ಮೇಲೆ ಪೇಂಟ್ ಬಳಿದರೆ ನಿಲ್ಲುವ ಕಾಯಿಲೆಯಲ್ಲ ಅದು.

ತಂಗಿಯ ಮನೆಯಲ್ಲಿ ಹಿಂಬದಿಯ ಕೋಣೆಗೆ ಮೆಟ್ಟಿಲಿನಂಥ ಬಿರುಕೇ ಇತ್ತು. ಹುಬ್ಬಳ್ಳಿ, ಧಾರವಾಡದ ಕಡೆ ಕಪ್ಪು ಎರೆಮಣ್ಣು. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ಜೊತೆಗೇ ಉಸಿರಾಡುತ್ತದೆ. ಇಂಜಿನಿಯರ್ ಏನು ಮಾಡಿದರು ಗೊತ್ತಾ? ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು ಹೋದರು. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ, ಹಳೆಯದಾಗಿ ನಿಂತಿದ್ದರೆ ಹಾಗೇ ಇರುತ್ತದೆ. ಮಾರುವವರು ‘ಇನ್ನೊಬ್ಬ ಪಾರ್ಟಿ ಬಂದಾರ, ಜಲ್ದಿ ಹೇಳ್ರಿ’ ಅಂತ ಅವಸರ ಮಾಡಿದರು. ತಂಗಿ ಕಾದಳು. ಆರು ವಾರದ ನಂತರವೂ ಗಾಜು ಸರಿಯಾಗಿತ್ತು. ಚಾವಣಿಯ ನೀರಿನ ಪೈಪು ನೇರವಾಗಿ ಆ ಮೂಲೆಯ ಬುಡಕ್ಕೇ ಸುರಿಯುತ್ತಿತ್ತಂತೆ. ಅದನ್ನು ಚರಂಡಿಗೆ ತಿರುಗಿಸಿ, ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು ಅಂದರು. ಆ ಖರ್ಚು ಮತ್ತು ಪೋರ್ಟಿಕೋ ಕಂಬದ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಂಡರು. ಇನ್ನೊಬ್ಬ ಪಾರ್ಟಿ ಕೊನೆಗೂ ಕಾಣಿಸಲಿಲ್ಲ!

ವರದಿಯ ಪ್ರತಿ ಸಾಲಿಗೂ ನಾನು ಮೂರು ಪ್ರಶ್ನೆ ಹಾಕುತ್ತೇನೆ. ಇದರಿಂದ ಮನೆಯವರ ಪ್ರಾಣಕ್ಕೆ ಅಪಾಯವಿದೆಯಾ? ಸರಿ ಮಾಡಿಸಲು ಎಷ್ಟಾಗುತ್ತದೆ, ಯಾರಾದರೂ ಬರೆದು ಕೊಡುತ್ತಾರಾ? ಸರಿ ಮಾಡಿಸುವುದು ನಮ್ಮ ಕೈಯಲ್ಲಿದೆಯಾ? ಜನ ಮೊದಲೆರಡನ್ನು ಕೇಳುತ್ತಾರೆ. ಮೂರನೆಯದ್ದನ್ನು ಕೇಳುವುದೇ ಇಲ್ಲ. ನಮ್ಮನ್ನು ಮೂರು ವರ್ಷ ಅಳಿಸಿದ್ದು ಅದೇ. ನಮ್ಮ ಮನೆಯೊಳಗಿನ ತೊಂದರೆಯನ್ನು ಸಾಲ ಮಾಡಿಯಾದರೂ ಸರಿಪಡಿಸಬಹುದು. ಮೇಲಿನ ಮನೆಯ ಬಾತ್‌ರೂಮು, ಪಕ್ಕದ ಸೈಟಿನವರ ಬೋರ್‌ವೆಲ್, ಅಸೋಸಿಯೇಷನ್ನಿನ ಟೆರೇಸು, ರಸ್ತೆಗಿಂತ ತಗ್ಗಿನಲ್ಲಿರುವ ಬೇಸ್‌ಮೆಂಟು... ಇವಕ್ಕೆ ನಮ್ಮ ದುಡ್ಡೂ ಸಾಲದು, ನಮ್ಮ ಮಾತೂ ಸಾಲದು. ಇಂಥದ್ದು ಒಂದೇ ಒಂದು ದೊಡ್ಡದಾಗಿ ಕಂಡರೂ ನಾನಾದರೆ ಬಿಟ್ಟು ಬರುತ್ತೇನೆ. ಅಡುಗೆಮನೆ ಎಷ್ಟೇ ಚೆಂದವಿರಲಿ.

ನಿಮ್ಮ ಕೈ, ಮೂಗು, ಕಿವಿ

ಇಂಜಿನಿಯರ್ ಬಂದು ಹೋಗುವುದು ಎರಡು ಗಂಟೆ. ಆ ಮನೆಯಲ್ಲಿ ದಿನವಿಡೀ ಇರುವವರು ನೀವು. ಆದ್ದರಿಂದ ಅವರ ಹೊರತಾಗಿ ನೀವೂ ಕನಿಷ್ಠ ಎರಡು ಸಲ ಹೋಗಿ. ಒಮ್ಮೆ ವಾರದ ದಿನ ಬೆಳಿಗ್ಗೆ ಏಳಕ್ಕೆ, ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ. ಆಗ ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ನೋಡಿ. ಇನ್ನೊಮ್ಮೆ ಜೋರು ಮಳೆ ಬಂದ ಮರುದಿನ. ಬೆಂಗಳೂರಿನಲ್ಲಾದರೆ ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಮೇಲೆ ಹೊರಗೆ ಬಂದಿದ್ದು ನೆನಪಿದೆಯಲ್ಲ? ಆ ಮನೆಗಳ ಇಟಾಲಿಯನ್ ಮಾರ್ಬಲ್ ಬಗ್ಗೆ ಯಾವ ಇನ್‌ಸ್ಪೆಕ್ಷನ್‌ನಲ್ಲೂ ತಕರಾರು ಬರುತ್ತಿರಲಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣವೇ ಒಂದು ಕಾಲದ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ನೀವು ನೋಡುತ್ತಿರುವ ಲೇಔಟು ಏನಾಗಿತ್ತು, ರಾಜಕಾಲುವೆ ಎಲ್ಲಿ ಹಾದುಹೋಗುತ್ತದೆ ಎಂದು ಅಲ್ಲಿನ ಹಳಬರನ್ನು ಕೇಳಿ.

ಮನೆಯೊಳಗೆ ಹೋದಾಗ ಹೊಸ ಪೇಂಟಿನ ವಾಸನೆ ಒಂದೇ ಕೋಣೆಯಲ್ಲಿ, ಒಂದೇ ಗೋಡೆಯಲ್ಲಿ ಬರುತ್ತಿದ್ದರೆ ‘ಇದಕ್ಕೆ ಮಾತ್ರ ಯಾಕೆ ಹೊಡೆಸಿದಿರಿ’ ಅಂತ ನಗುತ್ತಲೇ ಕೇಳಿ. ಬಾತ್‌ರೂಮಿಗೆ ತಾಗಿದ ಗೋಡೆಯ ಆಚೆ ಬದಿಯನ್ನು, ನೆಲದಿಂದ ಮೊಣಕಾಲಿನೆತ್ತರದವರೆಗೆ, ಅಂಗೈಯಿಂದ ಮುಟ್ಟಿ ನೋಡಿ. ತಣ್ಣಗಿದೆಯಾ, ಪೇಂಟು ಗುಳ್ಳೆ ಎದ್ದಿದೆಯಾ, ಉಪ್ಪಿನಂಥ ಬಿಳಿ ಪುಡಿ ಕೈಗೆ ಹತ್ತುತ್ತದಾ? ಹಾಗಿದ್ದರೆ ಒಳಗೆ ನೀರಿದೆ. ಬೀರು ಅಥವಾ ದೊಡ್ಡ ಕ್ಯಾಲೆಂಡರ್ ಇಡಬಾರದ ಜಾಗದಲ್ಲಿದ್ದರೆ ಅದರ ಹಿಂದೆ ಇಣುಕಿ. ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಗು ಒಳಗೆ ಹಾಕಿ, ಮುಗ್ಗಲು ವಾಸನೆ ಸುಳ್ಳು ಹೇಳುವುದಿಲ್ಲ. ಸಿಂಕ್ ಪೂರ್ತಿ ತುಂಬಿಸಿ ಒಮ್ಮೆಗೇ ಬಿಡಿ, ಗುಳುಗುಳು ಎಂದು ನಿಂತು ನಿಂತು ಹೋದರೆ ಪೈಪಿನಲ್ಲಿ ಕಟ್ಟಿದೆ. ಬಾತ್‌ರೂಮಿನ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ. ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಸಿಮೆಂಟ್ ಹಿಡಿದಿಲ್ಲ. ಬಾಗಿಲಿನ ಚೌಕಟ್ಟಿನ ಬುಡದಲ್ಲಿ, ಅಟ್ಟದ ಮೂಲೆಯಲ್ಲಿ ಮಣ್ಣಿನ ಗೆರೆಗಳಿದ್ದರೆ ಗೆದ್ದಲು. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಲೈಟನ್ನು ಬಿಚ್ಚಿಸಿ, ಮೊಬೈಲ್ ಟಾರ್ಚ್ ಹಾಕಿ ಮೇಲೆ ನೋಡಿ. ಇದನ್ನು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು!

ಕರೆಂಟಿನ ವಿಷಯದಲ್ಲಿ ಒಂದೇ ಒಂದು. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಅಥವಾ ಇಎಲ್‌ಸಿಬಿ ಇದೆಯಾ ಕೇಳಿ. ಅದರ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಮನೆಯವರಿಗೆ ಹೇಳಿ ಅದನ್ನು ಒತ್ತಿಸಿ, ತಕ್ಷಣ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಬರೀ ಅಲಂಕಾರ. ಗೀಸರಿನಿಂದ ಶಾಕ್ ಹೊಡೆಯುವ ಹೊತ್ತಿನಲ್ಲಿ ನಿಮ್ಮ ಮಕ್ಕಳನ್ನು ಉಳಿಸುವುದು ಅದೇ. ಜೊತೆಗೆ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿಕೊಳ್ಳಿ. ಗೀಸರ್ ಒಂದೇ ಎರಡು ಕಿಲೋವ್ಯಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆಯೂ ಹತ್ತಿರ ಹತ್ತಿರ ಅಷ್ಟೇ.

ನೀರು ಎಲ್ಲಿಂದ ಅನ್ನುವುದನ್ನು ಬ್ರೋಕರಿಗೆ ಕೇಳಬೇಡಿ, ‘ಕಾವೇರಿ ಇದೆ ಮೇಡಂ’ ಎನ್ನುತ್ತಾನೆ. ವಾಚ್‌ಮನ್ನನ್ನು ಕೇಳಿ, ಅಲ್ಲಿ ಕೆಲಸ ಮಾಡುವ ಹೆಂಗಸರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟಾಗ ಈ ಅಪಾರ್ಟ್‌ಮೆಂಟಿಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಿತ್ತು ಎಂಬುದು ಅವರಿಗೆ ಬಾಯಿಪಾಠ. ನಲ್ಲಿಗಳ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೆ ಗಡಸು ನೀರು. ಒಂದು ಬಾಟಲಿ ತಂದು ಲ್ಯಾಬಿಗೆ ಕೊಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಅಸೋಸಿಯೇಷನ್ ಇದ್ದರೆ ಸೆಕ್ರೆಟರಿಯವರನ್ನು ಕಂಡು ಲಿಫ್ಟು, ಟೆರೇಸು, ಎಸ್‌ಟಿಪಿ ರಿಪೇರಿಗೆ ಸದ್ಯದಲ್ಲೇ ಮನೆಗಿಷ್ಟು ಅಂತ ವಸೂಲಿ ಇದೆಯಾ ಕೇಳಿ. ಮಾರುವವರು ಅದಕ್ಕೇ ಮಾರುತ್ತಿರಬಹುದು.

ಹೊಸ ಫ್ಲಾಟ್ ಕೊಳ್ಳುವವರಿಗೆ ಒಂದು ಸಮಾಧಾನವಿದೆ. ರೇರಾ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ ಅಥವಾ ಕಳಪೆ ಕೆಲಸ ಕಂಡುಬಂದು, ನೀವು ಬಿಲ್ಡರ್ ಗಮನಕ್ಕೆ ತಂದರೆ ಅವರು 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಮೊದಲ ಮಾಲೀಕರಿಂದ ನೀವು ಕೊಂಡಿದ್ದರೂ ಈ ಹಕ್ಕು ನಿಮಗೆ ಬರುತ್ತದೆ. ಹಾಗಾಗಿ ಕಡಿಮೆ ವರ್ಷದ ಫ್ಲಾಟಾದರೆ ಸ್ವಾಧೀನ ಪತ್ರದ ತಾರೀಖು ನೋಡಿ, ಪ್ರತಿ ಕೇಳಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ‘ಸರ್ ಪ್ಲೀಸ್ ನೋಡಿ’ ಅಂತ ಹಾಕಿ ಸುಮ್ಮನಾಗಬೇಡಿ, ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಓಸಿ ಇಲ್ಲದ ಕಟ್ಟಡಕ್ಕಂತೂ ಕೈಹಾಕಬೇಡಿ. ಪೂರ್ಣಗೊಂಡ, ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.

ಇಷ್ಟೆಲ್ಲ ಮಾಡಿದರೂ ಕೈಕೊಡುವ ಜಾಗ ಒಂದಿದೆ: ಅಡ್ವಾನ್ಸ್. ದುಡ್ಡು ಕೊಟ್ಟ ಮೇಲೆ ಬಂದ ವರದಿಯನ್ನು ಯಾರೂ ನಿಜವಾಗಿ ಓದುವುದಿಲ್ಲ. ‘ಇರಲಿ ಬಿಡೇ, ಆಮೇಲೆ ಮಾಡಿಸಿದರಾಯ್ತು’ ಎಂದು ಡ್ರಾಯರಿಗೆ ಸೇರುತ್ತದೆ. ನಮ್ಮವರೂ ಹಾಗೇ ಅನ್ನುತ್ತಿದ್ದರು. ಮೊದಲು ಇನ್‌ಸ್ಪೆಕ್ಷನ್, ಆಮೇಲೆ ಅಡ್ವಾನ್ಸ್ ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿ. ನಿಮ್ಮ ಚಿನ್ನ ಆ ಡೌನ್ ಪೇಮೆಂಟಿನಲ್ಲಿ ಸೇರಿದ್ದರೆ ಇನ್ನೂ ಗಟ್ಟಿಯಾಗಿ ಹೇಳಿ. ಟೋಕನ್ ಕೊಡಲೇಬೇಕಾದ ಸಂದರ್ಭ ಬಂದರೆ, ವರದಿಯಲ್ಲಿ ದೊಡ್ಡ ದೋಷ ಬಂದರೆ ಹಣ ವಾಪಸ್ ಎಂಬ ಸಾಲನ್ನು ಬರೆಸಿಕೊಳ್ಳಿ. ಅಗ್ರಿಮೆಂಟಿನಲ್ಲಿ ‘ಸೋರಿಕೆ, ಗೆದ್ದಲು, ಕಟ್ಟಡದ ದೋಷ, ಅಸೋಸಿಯೇಷನ್ ಬಾಕಿ ನನಗೆ ತಿಳಿದಂತೆ ಇಲ್ಲ’ ಎಂದು ಮಾರುವವರಿಂದ ಬರೆಸಿ ಅಂತ ವಕೀಲರಿಗೆ ಹೇಳಿ. ಮಾರುವವರು ಇದನ್ನು ಓದಿ ಮುಖ ಗಂಟಿಕ್ಕಿದರೆ ಅದೂ ಒಂದು ವರದಿಯೇ.

ಕೀ ಕೊಡುವ ದಿನ ಇನ್ನೊಮ್ಮೆ ವರದಿ ಹಿಡಿದುಕೊಂಡು ಹೋಗಿ. ಸಾಮಾನು ಖಾಲಿಯಾದ ಮನೆ ಬೇರೆಯೇ ಥರ ಕಾಣುತ್ತದೆ. ಬೀರು ಇದ್ದ ಜಾಗ, ಮಂಚದ ಹಿಂದಿನ ಗೋಡೆ ಎಲ್ಲಾ ಆಗಲೇ ಕಾಣುವುದು. ಕರೆಂಟು, ನೀರಿನ ಮೀಟರಿನ ಫೋಟೋ ತೆಗೆದುಕೊಳ್ಳಿ. ಟೆರೇಸಿನ ಕೀ, ಸಂಪಿನ ಮುಚ್ಚಳದ ಬೀಗ ಕೇಳಿ ಪಡೆಯಿರಿ. ಹೊರಡುವ ಮುಂಚೆ ಅವರ ಪ್ಲಂಬರಿನ ನಂಬರ್ ಬರೆದುಕೊಳ್ಳೋದು ಮರೀಬೇಡಿ. ಆ ಮನೆಯ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರೋದು ಆತನೊಬ್ಬನಿಗೇ.